ಸ್ವಂತ ದುಡಿಮೆಯವರ ಲೆಕ್ಕಪತ್ರ ಮತ್ತು ತೆರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಜುಲೈ ತಿಂಗಳು ಬಂತೆಂದರೆ ಸ್ವಂತ ದುಡಿಮೆಯವರ ದೂರುಗಳೆಲ್ಲ ಒಂದೇ ಬಗೆಯವು. ಖಾತೆಗೆ ಬಂದ ಹಣವೇ ಒಂದು, ಆದಾಯ ತೆರಿಗೆ ಪೋರ್ಟಲ್ ತೋರಿಸುವ ಮೊತ್ತವೇ ಇನ್ನೊಂದು. ಟಿಡಿಎಸ್ (ಹಣ ಕೊಡುವವರೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತವಾಗಿದೆ, ಆದರೆ ಎಲ್ಲೂ ಕಾಣುತ್ತಿಲ್ಲ. ಬಡ್ಡಿ ಏಕೆ ಬಿತ್ತೆಂದು ಗೊತ್ತಿಲ್ಲ. ಇವರಲ್ಲಿ ಹೆಚ್ಚಿನವರಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ಅವರು ಕೊನೆಯ ಕೆಲಸವನ್ನು ಮೊದಲು ಹಿಡಿದಿರುತ್ತಾರೆ. ರಿಟರ್ನ್ ಸಲ್ಲಿಸುವುದು ಒಂಬತ್ತನೆಯ ಹಂತ. ಅದರ ಹಿಂದಿನ ಎಂಟು ಹಂತಗಳನ್ನು ವರ್ಷದುದ್ದಕ್ಕೂ ಮಾಡಿದವರಿಗೆ ಅದು ಒಂದು ಸಂಜೆಯ ಕೆಲಸ.

ಈ ಮಾರ್ಗದರ್ಶಿ ಕರ್ನಾಟಕದಲ್ಲಿ ಒಬ್ಬರೇ ದುಡಿಯುವ ವೃತ್ತಿಪರರಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ. ಕಂಪನಿ, ಪಾಲುದಾರಿಕೆ ಸಂಸ್ಥೆಗಳ ನಿಯಮ ಬೇರೆ. ಇಲ್ಲಿರುವ ಆದಾಯ ತೆರಿಗೆ ದರಗಳು 2025-26ನೇ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಆದರೆ ಆಡಿಟರುಗಳ ಬಾಯಲ್ಲಿ ಇನ್ನೂ 44ಎಡಿಎ, 194ಜೆ ಎಂಬ ಹಳೆಯ ಸಂಖ್ಯೆಗಳೇ ಓಡಾಡುತ್ತಿರುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ಕೈಯಲ್ಲಿ ಇರಬೇಕಾದವು

ಆಧಾರ್‌ಗೆ ಜೋಡಿಸಿದ ಪ್ಯಾನ್, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮದೇ ಲಾಗಿನ್, ದುಡಿಮೆಗೆಂದೇ ಮೀಸಲಾದ ಒಂದು ಬ್ಯಾಂಕ್ ಖಾತೆ, ಸಂಖ್ಯೆ ಹಾಕಿದ ಬಿಲ್ ಪುಸ್ತಕ ಅಥವಾ ಬಿಲ್ ಮಾಡುವ ಆ್ಯಪ್, ಲೆಕ್ಕ ಬರೆಯಲು ಒಂದು ಎಕ್ಸೆಲ್ ಹಾಳೆ. ದುಬಾರಿ ಲೆಕ್ಕದ ಸಾಫ್ಟ್‌ವೇರ್ ಮೊದಲ ವರ್ಷಕ್ಕೆ ಬೇಡ.

ಪೋರ್ಟಲ್ ಲಾಗಿನ್‌ಗೆ ಆಡಿಟರ್ ಕಚೇರಿಯ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಟ್ಟಿದ್ದರೆ ಇಂದೇ ಬದಲಿಸಿ. ನೋಟಿಸ್ ಬಂದದ್ದು ನಿಮಗೆ ತಿಳಿಯದೇ ಗಡುವು ಮುಗಿದುಹೋಗುವ ಪ್ರಕರಣಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಹಂತ 1: ಹಣ ಬರುವ ದಾರಿಯನ್ನು ಬೇರ್ಪಡಿಸಿ

ಗ್ರಾಹಕರ ಹಣ, ಅಕ್ಕನಿಗೆ ಕೊಟ್ಟ ಕೈಸಾಲ ವಾಪಸಾದದ್ದು, ಗೆಳೆಯರ ಜೊತೆ ಊಟ ಮಾಡಿ ಬಿಲ್ ಹಂಚಿಕೊಂಡದ್ದು, ಎಲ್ಲವೂ ಒಂದೇ ಯುಪಿಐಗೆ ಬರುತ್ತಿದ್ದರೆ ಉಳಿದ ಎಲ್ಲ ಹಂತಗಳೂ ಕೆಡುತ್ತವೆ. ದುಡಿಮೆಗೆ ಒಂದು ಖಾತೆ, ಅದಕ್ಕೆ ಮಾತ್ರ ಜೋಡಿಸಿದ ಒಂದು ಯುಪಿಐ ಐಡಿ. ಬಿಲ್ಲಿನಲ್ಲಿ, ಅಂಗಡಿಯ ಕ್ಯೂಆರ್ ಫಲಕದಲ್ಲಿ ಅದೊಂದೇ ಇರಲಿ.

ಮನೆ ಖರ್ಚಿಗೆ ಬೇಕಾದ ಹಣವನ್ನು ತಿಂಗಳಿಗೆ ಒಮ್ಮೆಯೋ ಎರಡು ಸಲವೋ ನಿಮ್ಮ ವೈಯಕ್ತಿಕ ಖಾತೆಗೆ ವರ್ಗಾಯಿಸಿಕೊಳ್ಳಿ. ಅದು ನಿಮ್ಮ ಖರ್ಚಲ್ಲ, ಸಂಬಳವೂ ಅಲ್ಲ. ಲೆಕ್ಕದಲ್ಲಿ 'ಸ್ವಂತಕ್ಕೆ ತೆಗೆದದ್ದು' ಎಂದು ಬರೆದರೆ ಸಾಕು.

ಇದು ಅತಿಯಾದ ಎಚ್ಚರಿಕೆ ಎನಿಸಿದರೆ 2025ರ ಜುಲೈಯನ್ನು ನೆನಪಿಸಿಕೊಳ್ಳಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಫಲಕ ಬಿತ್ತು. ಜಮೆಯಾದದ್ದೆಲ್ಲ ವ್ಯಾಪಾರದ ಹಣವಲ್ಲ ಎಂದು ವಿವರಿಸಬೇಕಾದ ಹೊಣೆ ಖಾತೆದಾರರ ಮೇಲೆಯೇ ಬಿತ್ತು. ನಗದಿಗೆ ತಿರುಗುವುದು ಇದಕ್ಕೆ ಪರಿಹಾರವಲ್ಲ, ಅದು ಮುಂದಿನ ಹಂತದ ಸವಲತ್ತನ್ನೇ ಕಳೆಯುತ್ತದೆ.

ಹಂತ 2: ನಿಮ್ಮದು ವೃತ್ತಿಯೋ ವ್ಯಾಪಾರವೋ ಗೊತ್ತುಮಾಡಿಕೊಳ್ಳಿ

ಖರ್ಚಿನ ಲೆಕ್ಕ ಒಪ್ಪಿಸದೆ, ಬಂದ ಹಣದ ನಿಗದಿತ ಪಾಲನ್ನು ಆದಾಯವೆಂದು ತೋರಿಸುವ ಅಂದಾಜು ಆದಾಯದ ಪದ್ಧತಿಯಲ್ಲಿ ಎರಡು ಬಾಗಿಲುಗಳಿವೆ. ತಪ್ಪು ಬಾಗಿಲಲ್ಲಿ ಹೋದವರೇ ಹೆಚ್ಚು.

ವೈದ್ಯರು, ವಕೀಲರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಲೆಕ್ಕಪರಿಶೋಧಕರು, ತಾಂತ್ರಿಕ ಸಲಹೆಗಾರರು, ಒಳಾಂಗಣ ವಿನ್ಯಾಸಕರು, ಚಲನಚಿತ್ರ ಕಲಾವಿದರು, ಮಾಹಿತಿ ತಂತ್ರಜ್ಞಾನ ವೃತ್ತಿಯವರು ಕಲಮು 44ಎಡಿಎ ಅಡಿ ಬರುತ್ತಾರೆ. ವರ್ಷದ ಒಟ್ಟು ಸ್ವೀಕೃತಿ 50 ಲಕ್ಷ ರೂಪಾಯಿ ಮೀರಬಾರದು. ನಗದಿನಲ್ಲಿ ಬಂದದ್ದು ಶೇ 5ಕ್ಕಿಂತ ಹೆಚ್ಚಿಲ್ಲದಿದ್ದರೆ ಮಿತಿ 75 ಲಕ್ಷ. ಸ್ವೀಕೃತಿಯ ಕನಿಷ್ಠ ಶೇ 50ನ್ನು ಆದಾಯ ಎಂದು ತೋರಿಸಬೇಕು. ಬಾಡಿಗೆ, ಇಂಟರ್‌ನೆಟ್, ಲ್ಯಾಪ್‌ಟಾಪ್ ಸವಕಳಿ ಎಲ್ಲವೂ ಉಳಿದ ಶೇ 50ರೊಳಗೆ ಮುಗಿದವು. ಅದಾದ ಮೇಲೆ ಮತ್ತೆ ಖರ್ಚು ಕಳೆಯುವಂತಿಲ್ಲ.

ವ್ಯಾಪಾರಕ್ಕೆ ಕಲಮು 44ಎಡಿ. ವಹಿವಾಟು 2 ಕೋಟಿಯವರೆಗೆ, ನಗದು ಶೇ 5ರೊಳಗಿದ್ದರೆ 3 ಕೋಟಿಯವರೆಗೆ. ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಹಣಕ್ಕೆ ಶೇ 6, ನಗದಿಗೆ ಶೇ 8 ಕನಿಷ್ಠ ಲಾಭ. ಇಲ್ಲೊಂದು ಕೊಕ್ಕೆ ಇದೆ: ಒಮ್ಮೆ 44ಎಡಿ ಹಿಡಿದು ಮುಂದಿನ ವರ್ಷಗಳಲ್ಲಿ ಕಡಿಮೆ ಲಾಭ ತೋರಿಸಿ ಹೊರಬಂದರೆ, ಆಮೇಲೆ ಐದು ವರ್ಷ ಒಳಗೆ ಹೋಗುವಂತಿಲ್ಲ. 44ಎಡಿಎಗೆ ಈ ಐದು ವರ್ಷದ ನಿರ್ಬಂಧವಿಲ್ಲ.

ಮೇಲಿನ ಪಟ್ಟಿಯ ವೃತ್ತಿಯಲ್ಲಿರುವವರು ಶೇ 6ರ ಆಸೆಗೆ 44ಎಡಿ ಅಡಿ ರಿಟರ್ನ್ ಹಾಕುವುದು ಅತಿ ಸಾಮಾನ್ಯ ತಪ್ಪು. ಗ್ರಾಹಕರು 194ಜೆ ಅಡಿ, ಅಂದರೆ ವೃತ್ತಿ ಶುಲ್ಕವೆಂದು ಟಿಡಿಎಸ್ ಕಡಿದಿರುತ್ತಾರೆ, ನೀವು ವ್ಯಾಪಾರ ಎನ್ನುತ್ತೀರಿ. ಎರಡೂ ಇಲಾಖೆಯ ಕಂಪ್ಯೂಟರಿನಲ್ಲಿ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ಅನುವಾದಕರು, ಛಾಯಾಗ್ರಾಹಕರು, ಬರಹಗಾರರಂತಹವರು ಈ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಅಂಥವರು ಆಡಿಟರ್ ಬಳಿ ಒಮ್ಮೆ ಕೂತು ತೀರ್ಮಾನಿಸಿ, ವರ್ಷ ವರ್ಷವೂ ಅದನ್ನೇ ಅನುಸರಿಸಬೇಕು. ವಿಮಾ ಏಜೆಂಟರು ಮತ್ತು ದಲ್ಲಾಳಿ ಕಮಿಷನ್ ಪಡೆಯುವವರಿಗೆ 44ಎಡಿ ಇಲ್ಲವೇ ಇಲ್ಲ. ಅವರು ನಿಜವಾದ ಖರ್ಚಿನ ಲೆಕ್ಕ ಬರೆದು ಐಟಿಆರ್-3 ಎಂಬ ರಿಟರ್ನ್ ನಮೂನೆ ಸಲ್ಲಿಸಬೇಕು.

ಲಾಭ ನಿಜಕ್ಕೂ ಶೇ 50ಕ್ಕಿಂತ ಕಡಿಮೆಯಿದ್ದರೆ? ತೋರಿಸಬಹುದು. ಆದರೆ ಒಟ್ಟು ಆದಾಯ ತೆರಿಗೆರಹಿತ ಮಿತಿಯನ್ನು ಮೀರಿದ್ದರೆ ಪೂರ್ಣ ಲೆಕ್ಕಪುಸ್ತಕ ಮತ್ತು ಆಡಿಟ್ ಕಡ್ಡಾಯ. ಆಡಿಟ್ ಶುಲ್ಕ ಮತ್ತು ಉಳಿಯುವ ತೆರಿಗೆ ಎರಡನ್ನೂ ತೂಗಿ ನೋಡಿ. ಎಷ್ಟೋ ಸಲ ಆಡಿಟ್‌ನ ಖರ್ಚೇ ಹೆಚ್ಚಾಗುತ್ತದೆ.

ಹಂತ 3: ಪ್ರತಿ ಕೆಲಸಕ್ಕೂ ಬಿಲ್

ವಾಟ್ಸ್‌ಆ್ಯಪ್‌ನಲ್ಲಿ 'ಸರ್, 15 ಸಾವಿರ ಕಳಿಸಿ' ಎಂದು ಬರೆದದ್ದು ಬಿಲ್ ಅಲ್ಲ. ಬಿಲ್ಲಿನಲ್ಲಿ ಕ್ರಮ ಸಂಖ್ಯೆ, ದಿನಾಂಕ, ನಿಮ್ಮ ಹೆಸರು ವಿಳಾಸ ಪ್ಯಾನ್, ಗ್ರಾಹಕರ ಹೆಸರು ವಿಳಾಸ, ಮಾಡಿದ ಕೆಲಸ, ಮೊತ್ತ, ಹಣ ಪಾವತಿಸಬೇಕಾದ ದಿನ, ಬ್ಯಾಂಕ್ ವಿವರ ಇಷ್ಟು ಇರಬೇಕು. ಸಂಖ್ಯೆ ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಶುರುವಾಗಲಿ, ನಡುವೆ ಒಂದೂ ಬಿಟ್ಟುಹೋಗಬಾರದು. ರದ್ದಾದ ಬಿಲ್ಲನ್ನು ಹರಿದುಹಾಕದೆ 'ರದ್ದು' ಎಂದು ಬರೆದು ಇಟ್ಟುಕೊಳ್ಳಿ.

ಜಿಎಸ್‌ಟಿ ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಹಾಕುವಂತಿಲ್ಲ. ನೋಂದಣಿಯಿಲ್ಲದೆ ತೆರಿಗೆ ವಸೂಲಿ ಮಾಡುವುದು ಕಾನೂನುಬಾಹಿರ.

ಹಣ ಕೊಡಲು ಸತಾಯಿಸುವ ಕಂಪನಿಗಳಿದ್ದರೆ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಅದು ಉಚಿತ. ನೋಂದಾಯಿತ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಆ ಗಡುವು ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿಸಿಕೊಂಡರೆ, ಕೊಡುವವರೆಗೆ ಆ ಖರ್ಚನ್ನು ತಮ್ಮ ಆದಾಯದಿಂದ ಕಳೆಯಲು ಅವರಿಗೆ ಅವಕಾಶವಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಮಾರ್ಚ್ ತಿಂಗಳಲ್ಲಿ ಕಂಪನಿಯ ಲೆಕ್ಕ ವಿಭಾಗವೇ ನಿಮ್ಮನ್ನು ಹುಡುಕಿಕೊಂಡು ಬರುವುದುಂಟು.

ಹಂತ 4: ವಾರಕ್ಕೊಮ್ಮೆ ಲೆಕ್ಕ ಬರೆಯಿರಿ

ಎರಡು ಹಾಳೆ ಸಾಕು. ಮೊದಲನೆಯದು ಬಂದದ್ದಕ್ಕೆ: ಬಿಲ್ ಸಂಖ್ಯೆ, ದಿನಾಂಕ, ಗ್ರಾಹಕ, ಬಿಲ್ ಮೊತ್ತ, ಜಿಎಸ್‌ಟಿ, ಕಡಿತವಾದ ಟಿಡಿಎಸ್, ಖಾತೆಗೆ ಬಂದದ್ದು, ಬಂದ ದಿನ. ಎರಡನೆಯದು ಹೋದದ್ದಕ್ಕೆ: ದಿನಾಂಕ, ಯಾರಿಗೆ, ಯಾತಕ್ಕೆ, ಮೊತ್ತ, ಪಾವತಿಯ ಬಗೆ, ಬಿಲ್ ಇದೆಯೇ ಇಲ್ಲವೇ.

ಮೊದಲ ಹಾಳೆಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ನೀವು ಒಂದು ಕಂಪನಿಗೆ 60,000 ರೂಪಾಯಿಯ ಬಿಲ್ ಕೊಟ್ಟಿರಿ. ಅವರು ಶೇ 10 ಟಿಡಿಎಸ್ ಕಡಿದು 54,000 ಕಳಿಸಿದರು. ನಿಮ್ಮ ಸ್ವೀಕೃತಿ ಎಷ್ಟು? 60,000. ಕಡಿತವಾದ 6,000 ನಿಮ್ಮದೇ ಹಣ, ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಮುಂಚಿತವಾಗಿ ಹೋಗಿದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ಜಮೆಗಳನ್ನು ಕೂಡಿಸಿ ರಿಟರ್ನ್ ತುಂಬುವವರು 54,000 ಎಂದು ಬರೆಯುತ್ತಾರೆ, ಜೊತೆಗೆ 6,000 ಟಿಡಿಎಸ್ ಕೂಡ ಕೇಳುತ್ತಾರೆ. ವರ್ಷವಿಡೀ ಹೀಗೆ ಆದರೆ ಇಲಾಖೆಯ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಶೇ 10ರ ಅಂತರ ಬೀಳುತ್ತದೆ. ಜುಲೈಯ ದೂರುಗಳಲ್ಲಿ ಅರ್ಧಕ್ಕರ್ಧ ಇದೇ.

44ಎಡಿಎ ಅಡಿ ಹೋಗುವವರು ಖರ್ಚಿನ ಹಾಳೆ ಬೇಡವೆಂದು ಬಿಟ್ಟುಬಿಡುತ್ತಾರೆ. ಬರೆಯುವುದು ಒಳ್ಳೆಯದು. ಕಾನೂನು ಹೇಳುವ ಶೇ 50 ಕನಿಷ್ಠ ಮಿತಿ. 20 ಲಕ್ಷ ಬಂದು 10 ಲಕ್ಷ ಆದಾಯ ತೋರಿಸಿ, ಅದೇ ವರ್ಷ 16 ಲಕ್ಷ ಠೇವಣಿ ಇಟ್ಟರೆ ಆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ನಿಮ್ಮ ಹಾಳೆಯೇ ಉತ್ತರ ಕೊಡಬೇಕು.

ನಿಜವಾದ ಲೆಕ್ಕದ ಮೇಲೆ ತೆರಿಗೆ ಕಟ್ಟುವವರಿಗೆ ಮೂರು ಎಚ್ಚರಿಕೆಗಳು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ಖರ್ಚು ಮಾನ್ಯವಾಗುವುದಿಲ್ಲ. ಕಂಪ್ಯೂಟರಿನಂತಹ ಆಸ್ತಿಯ ಪೂರ್ತಿ ಬೆಲೆ ಒಂದೇ ವರ್ಷದಲ್ಲಿ ಖರ್ಚಾಗುವುದಿಲ್ಲ, ಶೇ 40ರಂತೆ ಸವಕಳಿ ಸಿಗುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಮನೆಯಲ್ಲೇ ಕೆಲಸ ಮಾಡುವವರು ಬಾಡಿಗೆ, ವಿದ್ಯುತ್ ಬಿಲ್‌ಗಳಲ್ಲಿ ಕೆಲಸಕ್ಕೆ ಸಲ್ಲುವ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು. ಆ ಪಾಲು ಹೇಗೆ ಬಂತೆಂದು ಒಂದು ಸಾಲು ಬರೆದಿಡಿ.

ಇನ್ನೊಂದು ಮಾತು ಎಲ್ಲರಿಗೂ: ಒಂದೇ ಕೆಲಸಕ್ಕೆ ಅಥವಾ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಹಂತ 5: ಜಿಎಸ್‌ಟಿ ಮಿತಿಯ ಮೇಲೆ ಕಣ್ಣಿಡಿ

ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ, ಸರಕು ಮಾತ್ರ ಮಾರುವವರದು 40 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ಇದು ಲಾಭದ ಲೆಕ್ಕವಲ್ಲ, ವಹಿವಾಟಿನ ಲೆಕ್ಕ. ಒಂದು ಪ್ಯಾನ್‌ನಲ್ಲಿ ದೇಶದ ಯಾವ ಮೂಲೆಯಲ್ಲಿ ವಹಿವಾಟು ನಡೆಸಿದರೂ ಎಲ್ಲ ಕೂಡುತ್ತದೆ. ಅಂಗಡಿ ಮಳಿಗೆಯ ಬಾಡಿಗೆ ಬರುತ್ತಿದ್ದರೆ ಅದೂ ಸೇರುತ್ತದೆ. ತರಕಾರಿ, ಹಾಲಿನಂತಹ ವಿನಾಯಿತಿ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದರ ಜೊತೆ ತೆರಿಗೆಯ ಸರಕನ್ನೂ ಮಾರಿದರೆ ಎರಡನ್ನೂ ಕೂಡಿಸಿ ಮಿತಿ ನೋಡಬೇಕು.

ನಿಮ್ಮ ಮೊದಲ ಹಾಳೆಯಲ್ಲಿ ಏಪ್ರಿಲ್‌ನಿಂದ ಈವರೆಗಿನ ಒಟ್ಟು ಮೊತ್ತದ ಒಂದು ಕೋಶ ಮಾಡಿಡಿ. 17-18 ಲಕ್ಷ ಮುಟ್ಟಿದಾಗಲೇ ಗ್ರಾಹಕರ ಜೊತೆ ದರದ ಮಾತಾಡಿ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಮೊದಲೇ ಹೇಳದಿದ್ದರೆ ಬಹುತೇಕ ಸೇವೆಗಳ ಮೇಲಿನ ಶೇ 18 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಬಾಡಿಗೆ ಮನೆಯ ವಿಳಾಸವೂ ನಡೆಯುತ್ತದೆ, ವಿದ್ಯುತ್ ಬಿಲ್ ಮತ್ತು ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು.

ನೋಂದಣಿ ಆದ ಮೇಲೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಶೂನ್ಯ ರಿಟರ್ನ್ ಹಾಕಲೇಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ, ತೆರಿಗೆ ಇದ್ದರೆ ದಿನಕ್ಕೆ 50 ಮತ್ತು ತೆರಿಗೆಯ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ವಹಿವಾಟು 5 ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಆಯ್ಕೆ ಮಾಡಿಕೊಳ್ಳಬಹುದು. ಆಗ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1 ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13ರೊಳಗೆ, ಕರ್ನಾಟಕದವರಿಗೆ ತೆರಿಗೆಯ ಒಟ್ಟು ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿಆರ್-3ಬಿ 22ರೊಳಗೆ. ಮೊದಲೆರಡು ತಿಂಗಳ ತೆರಿಗೆಯನ್ನು ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟುತ್ತಿರಬೇಕು.

ಗ್ರಾಹಕರಿಂದ ಬಂದ ಜಿಎಸ್‌ಟಿ ನಿಮ್ಮ ಹಣವಲ್ಲ. ಬಂದ ದಿನವೇ ಬೇರೆ ಉಳಿತಾಯ ಖಾತೆಗೆ ದಾಟಿಸಿ.

ಹೊರದೇಶದ ಗ್ರಾಹಕರಿಗೆ ಕೆಲಸ ಮಾಡಿ ವಿದೇಶಿ ವಿನಿಮಯದಲ್ಲಿ ಹಣ ಪಡೆಯುವ ನೋಂದಾಯಿತರು ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಆಗ ತೆರಿಗೆ ಕಟ್ಟದೆಯೇ ರಫ್ತು ಬಿಲ್ ಮಾಡಬಹುದು. ಹಿಂದಿನ ವರ್ಷದ ಎಲ್‌ಯುಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ವಿದೇಶಿ ಜಮೆಯ ಪ್ರಮಾಣಪತ್ರ ಪಡೆದು ಬಿಲ್ ಜೊತೆ ಸೇರಿಸಿಡಿ.

ಹಂತ 6: ವೃತ್ತಿ ತೆರಿಗೆ

ಇದು ರಾಜ್ಯದ ತೆರಿಗೆ, 1976ರ ಕಾಯ್ದೆಯದು. ಸಂಬಳದವರಿಗೆ ಕಚೇರಿಯೇ ಕಡಿತ ಮಾಡುತ್ತದೆ, ಸ್ವಂತ ದುಡಿಮೆಯವರು ತಾವೇ ದಾಖಲಾಗಿ ಕಟ್ಟಬೇಕು. ಜಿಎಸ್‌ಟಿ ನೋಂದಣಿ ಇರುವವರಿಗೆ ವರ್ಷಕ್ಕೆ 2,500 ರೂಪಾಯಿ. ಏಪ್ರಿಲ್ 30ರೊಳಗೆ ವಾಣಿಜ್ಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಮೊತ್ತ ಸಣ್ಣದೆಂದು ಮರೆಯುವವರೇ ಹೆಚ್ಚು.

ಹಂತ 7: ಮೂರು ತಿಂಗಳಿಗೊಮ್ಮೆ ಟಿಡಿಎಸ್ ತಾಳೆ ನೋಡಿ

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎರಡು ದಾಖಲೆಗಳಿವೆ. 26ಎಎಸ್‌ನಲ್ಲಿ ನಿಮ್ಮ ಹೆಸರಿಗೆ ಜಮೆಯಾದ ಟಿಡಿಎಸ್. ಎಐಎಸ್‌ನಲ್ಲಿ ಅದರ ಜೊತೆಗೆ ಬ್ಯಾಂಕ್ ಬಡ್ಡಿ, ಲಾಭಾಂಶ, ಷೇರು ಮಾರಾಟ ಮುಂತಾದವು. ಗ್ರಾಹಕ ಕಂಪನಿಗಳು ತಮ್ಮ ಟಿಡಿಎಸ್ ವಿವರಗಳನ್ನು ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31ರೊಳಗೆ ಸಲ್ಲಿಸಬೇಕು. ಆದ್ದರಿಂದ ನೀವು ನೋಡಬೇಕಾದ್ದು ಆಗಸ್ಟ್, ನವೆಂಬರ್, ಫೆಬ್ರುವರಿ ಮತ್ತು ಜೂನ್ ಎರಡನೇ ವಾರದಲ್ಲಿ. ಏಪ್ರಿಲ್‌ನಲ್ಲಿ ನೋಡಿ ಟಿಡಿಎಸ್ ಕಾಣಿಸಲಿಲ್ಲವೆಂದು ಗಾಬರಿಯಾಗುವುದೂ ತಪ್ಪು, ಜುಲೈ 30ಕ್ಕೆ ಮೊದಲ ಸಲ ನೋಡುವುದೂ ತಪ್ಪು.

ನಿಮ್ಮ ಹಾಳೆಯ ಟಿಡಿಎಸ್ ಅಂಕಣವನ್ನು ಗ್ರಾಹಕರ ಹೆಸರಿನ ಪ್ರಕಾರ 26ಎಎಸ್ ಜೊತೆ ಹೋಲಿಸಿ. ಕಡಿತವಾಗಿಯೂ ಕಾಣದಿದ್ದರೆ ಕಂಪನಿಯ ಲೆಕ್ಕ ವಿಭಾಗಕ್ಕೆ ಬಿಲ್ ಸಂಖ್ಯೆ, ದಿನಾಂಕ, ನಿಮ್ಮ ಪ್ಯಾನ್ ಹಾಕಿ ಇಮೇಲ್ ಮಾಡಿ, ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೂ ನಿಮ್ಮ ಹಣ ಬೇರೆಯವರ ಹೆಸರಲ್ಲಿ ಕೂತಿರುತ್ತದೆ. ಜೊತೆಗೆ ಟಿಡಿಎಸ್ ಕಡಿತದ ಪ್ರಮಾಣಪತ್ರವಾದ ನಮೂನೆ 16ಎ ಕೇಳಿ ಪಡೆಯಿರಿ.

ನೆನಪಿಡಬೇಕಾದ ದರಗಳು: ವೃತ್ತಿ ಶುಲ್ಕಕ್ಕೆ 194ಜೆ ಅಡಿ ಶೇ 10, ಕೆಲವು ತಾಂತ್ರಿಕ ಸೇವೆಗೆ ಶೇ 2. 2025ರ ಏಪ್ರಿಲ್‌ನಿಂದ ಒಬ್ಬ ಗ್ರಾಹಕರಿಂದ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತವಿಲ್ಲ. ವ್ಯಕ್ತಿಗಳು ಮಾಡುವ ಗುತ್ತಿಗೆ ಕೆಲಸಕ್ಕೆ 194ಸಿ ಅಡಿ ಶೇ 1. ಪ್ಯಾನ್ ಕೊಡದಿದ್ದರೆ ಶೇ 20. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತದ ಮೇಲೆ ಮಾತ್ರ ಕಡಿಯಬೇಕು. ಕೆಲವು ಕಂಪನಿಗಳು ಒಟ್ಟು ಮೊತ್ತದ ಮೇಲೆ ಕಡಿಯುತ್ತವೆ, ಕೇಳಿ ಸರಿಪಡಿಸಿಕೊಳ್ಳಿ.

ಮಾರ್ಚ್ ತಿಂಗಳ ಬಿಲ್ಲುಗಳ ಬಗ್ಗೆ ಎಚ್ಚರ. ಕಂಪನಿ ಮಾರ್ಚ್ 31ಕ್ಕೆ ನಿಮ್ಮ ಬಿಲ್ಲನ್ನು ತನ್ನ ಪುಸ್ತಕಕ್ಕೆ ಹಾಕಿ ಟಿಡಿಎಸ್ ತೋರಿಸುತ್ತದೆ, ಹಣ ನಿಮ್ಮ ಕೈಸೇರುವುದು ಮೇ ತಿಂಗಳಲ್ಲಿ. ಆದಾಯ ಒಂದು ವರ್ಷಕ್ಕೆ, ಟಿಡಿಎಸ್ ಇನ್ನೊಂದು ವರ್ಷಕ್ಕೆ ಹೋದರೆ ತಾಳೆಯಾಗದು. ಆ ಬಿಲ್ಲನ್ನು ಕಂಪನಿ ತೋರಿಸಿದ ವರ್ಷದಲ್ಲೇ ತೋರಿಸಿಬಿಡುವುದು ಎಲ್ಲಕ್ಕಿಂತ ನೇರ ದಾರಿ, ಮತ್ತು ಪ್ರತಿ ವರ್ಷ ಅದೇ ಪದ್ಧತಿ.

ಹಂತ 8: ಮುಂಗಡ ತೆರಿಗೆ

ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ ಬಾಕಿ 10,000 ರೂಪಾಯಿ ಅಥವಾ ಹೆಚ್ಚಾಗುವುದಾದರೆ ವರ್ಷ ಮುಗಿಯುವ ಮೊದಲೇ ಕಟ್ಟಬೇಕು. 44ಎಡಿ, 44ಎಡಿಎ ಅಡಿ ಇರುವವರಿಗೆ ಒಂದೇ ಕಂತು, ಮಾರ್ಚ್ 15. ಉಳಿದವರಿಗೆ ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ.

ದರ ಕಡಿಮೆ, ಆದರೆ ಬಹುತೇಕ ಕಡಿತಗಳಿಲ್ಲದ ಹೊಸ ಪದ್ಧತಿಯಲ್ಲಿ 2025-26ರ ದರ ಹೀಗೆ: 4 ಲಕ್ಷದವರೆಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ತೆರಿಗೆಯ ಮೇಲೆ ಶೇ 4 ಸೆಸ್. ಒಟ್ಟು ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಶೂನ್ಯ.

ಹುಬ್ಬಳ್ಳಿಯಲ್ಲಿ ಒಬ್ಬ ಒಳಾಂಗಣ ವಿನ್ಯಾಸಕಿ ಇದ್ದಾರೆ ಎಂದುಕೊಳ್ಳಿ. ಜಿಎಸ್‌ಟಿ ಬಿಟ್ಟು ವರ್ಷದ ಸ್ವೀಕೃತಿ 26 ಲಕ್ಷ, ಎಲ್ಲವೂ ಬ್ಯಾಂಕ್ ಮೂಲಕ. 44ಎಡಿಎ ಅಡಿ ಆದಾಯ 13 ಲಕ್ಷ. ತೆರಿಗೆ: 20,000, 40,000 ಮತ್ತು 15,000 ಸೇರಿ 75,000. ಸೆಸ್ 3,000 ಕೂಡಿದರೆ 78,000. ಎರಡು ಕಂಪನಿಗಳು 5 ಲಕ್ಷದ ಮೇಲೆ ಕಡಿದ ಟಿಡಿಎಸ್ 50,000. ಉಳಿದವರು ಮನೆ ಮಾಡಿಸಿಕೊಂಡ ಸಾಮಾನ್ಯ ಜನ, ಅವರು ಏನೂ ಕಡಿದಿಲ್ಲ. ಬಾಕಿ 28,000 ಮಾರ್ಚ್ 15ಕ್ಕೆ ಕಟ್ಟಬೇಕು. ಅವರು ಜುಲೈವರೆಗೆ ಸುಮ್ಮನಿದ್ದರೆ ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ ತಿಂಗಳಿಗೆ ಶೇ 1ರಂತೆ 1,120, ಕಂತು ತಪ್ಪಿಸಿದ್ದಕ್ಕೆ 280, ಒಟ್ಟು 1,400 ರೂಪಾಯಿ ಬಡ್ಡಿ. ದೊಡ್ಡ ಮೊತ್ತವೇನಲ್ಲ, ಆದರೆ ಸುಮ್ಮನೆ ಹೋದ ಹಣ. ಸ್ವೀಕೃತಿ 20 ಲಕ್ಷ ದಾಟಿರುವುದರಿಂದ ಅವರಿಗೆ ಜಿಎಸ್‌ಟಿ ನೋಂದಣಿಯೂ ಇರಲೇಬೇಕು.

12 ಲಕ್ಷದ ಅಂಚಿನಲ್ಲಿ ಇರುವವರು ಎರಡು ಭ್ರಮೆ ಬಿಡಬೇಕು. ಒಂದು, ಸಂಬಳದವರಿಗೆ ಸಿಗುವ 75,000ದ ಪ್ರಮಾಣಿತ ಕಡಿತ ಸ್ವಂತ ದುಡಿಮೆಯ ಆದಾಯಕ್ಕೆ ಇಲ್ಲ. 12.75 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಾತು ನಿಮಗಲ್ಲ. ಎರಡು, 12 ಲಕ್ಷದ ಲೆಕ್ಕಕ್ಕೆ ಬ್ಯಾಂಕ್ ಬಡ್ಡಿಯೂ ಸೇರುತ್ತದೆ. ವೃತ್ತಿಯ ಆದಾಯ ಸರಿಯಾಗಿ 12 ಲಕ್ಷ, ಠೇವಣಿ ಬಡ್ಡಿ 20,000 ಎಂದಾದರೆ ಸೆಸ್ ಸೇರಿ 20,800 ಕಟ್ಟಬೇಕಾಗುತ್ತದೆ. 12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ಅಂಚಿನ ಪರಿಹಾರ ಇರುವುದರಿಂದ ಅಷ್ಟಕ್ಕೆ ನಿಲ್ಲುತ್ತದೆ, ಇಲ್ಲದಿದ್ದರೆ 60 ಸಾವಿರ ದಾಟುತ್ತಿತ್ತು.

ಕಟ್ಟುವುದು ಪೋರ್ಟಲ್‌ನ ಇ-ಪೇ ಟ್ಯಾಕ್ಸ್ ಮೂಲಕ. ಮುಂಗಡ ತೆರಿಗೆಗೆ ಸಂಕೇತ 100, ವರ್ಷ ಮುಗಿದ ಮೇಲೆ ಕಟ್ಟುವ ಸ್ವಯಂ ನಿರ್ಧಾರಣೆ ತೆರಿಗೆಗೆ 300. ವರ್ಷವನ್ನು ಆರಿಸುವಾಗ ಉಸಿರು ಬಿಗಿಹಿಡಿದು ಓದಿ. 2025-26ರಲ್ಲಿ ಗಳಿಸಿದ ಆದಾಯಕ್ಕೆ 'ಅಸೆಸ್‌ಮೆಂಟ್ ವರ್ಷ 2026-27'. ಹೊಸ ಕಾಯ್ದೆಯಲ್ಲಿ ಗಳಿಸಿದ ವರ್ಷವನ್ನೇ 'ತೆರಿಗೆ ವರ್ಷ' ಎನ್ನುವುದರಿಂದ 2026ರ ಏಪ್ರಿಲ್‌ನಿಂದ ಗಳಿಸುವ ಆದಾಯಕ್ಕೆ 'ತೆರಿಗೆ ವರ್ಷ 2026-27'. ಅಂಕಿ ಒಂದೇ, ವರ್ಷ ಬೇರೆ. ತಪ್ಪು ವರ್ಷಕ್ಕೆ ಕಟ್ಟಿದ್ದು ಗೊತ್ತಾದರೆ, ಕಟ್ಟಿದ ದಿನದಿಂದ ಏಳು ದಿನದೊಳಗೆ ಪೋರ್ಟಲ್‌ನಲ್ಲೇ ಚಲನ್ ತಿದ್ದುಪಡಿಗೆ ಕೋರಬಹುದು. ಆಮೇಲೆ ಕಚೇರಿಗೆ ಅಲೆದಾಟ.

ಹಂತ 9: ರಿಟರ್ನ್

ವ್ಯಾಪಾರ, ವೃತ್ತಿಯ ಆದಾಯ ಇರುವವರು ಹಳೆಯ ಪದ್ಧತಿ ಬೇಕೆಂದರೆ ಗಡುವಿನೊಳಗೆ ನಮೂನೆ 10-ಐಇಎ ಸಲ್ಲಿಸಲೇಬೇಕು. ಸಂಬಳದವರಂತೆ ವರ್ಷಕ್ಕೊಮ್ಮೆ ಆಚೀಚೆ ಹಾರುವಂತಿಲ್ಲ. ಹಳೆಯದಕ್ಕೆ ಹೋದವರು ಹೊಸದಕ್ಕೆ ವಾಪಸು ಬರಲು ಒಂದೇ ಅವಕಾಶ. ಗೃಹಸಾಲದ ಬಡ್ಡಿ, 80ಸಿ ಅಡಿಯ ಉಳಿತಾಯ (ಪಿಪಿಎಫ್, ಜೀವ ವಿಮೆಯಂತಹವು), ಆರೋಗ್ಯ ವಿಮೆ ಎಲ್ಲ ಕೂಡಿ ದೊಡ್ಡ ಮೊತ್ತವಾಗದಿದ್ದರೆ ಹೊಸ ಪದ್ಧತಿಯಲ್ಲೇ ಇರುವುದು ವಾಸಿ.

ಅಂದಾಜು ಆದಾಯದವರಿಗೆ ಐಟಿಆರ್-4. ಆದರೆ ಒಟ್ಟು ಆದಾಯ 50 ಲಕ್ಷ ಮೀರಿದರೆ, ಅಲ್ಪಾವಧಿ ಷೇರು ಲಾಭವಿದ್ದರೆ, ವಿದೇಶದಲ್ಲಿ ಆಸ್ತಿ ಅಥವಾ ಷೇರುಗಳಿದ್ದರೆ, ಯಾವುದೇ ಕಂಪನಿಯ ನಿರ್ದೇಶಕರಾಗಿದ್ದರೆ ಐಟಿಆರ್-3. ಮೊಬೈಲ್ ಆ್ಯಪ್‌ನಲ್ಲಿ ಷೇರು ಕೊಂಡು ಮೂರು ತಿಂಗಳಲ್ಲಿ ಮಾರಿದವರು ಐಟಿಆರ್-4 ಹಾಕಿ ಸಿಕ್ಕಿಕೊಳ್ಳುವುದು ಈಗ ಮಾಮೂಲು.

ಕೂತಾಗ ಅನುಸರಿಸಬೇಕಾದ ಕ್ರಮ:

1. 26ಎಎಸ್, ಎಐಎಸ್ ಹೊಸದಾಗಿ ಇಳಿಸಿಕೊಳ್ಳಿ.
2. ನಿಮ್ಮ ಹಾಳೆಯ ಒಟ್ಟು ಸ್ವೀಕೃತಿ 26ಎಎಸ್‌ನ ಒಟ್ಟಿಗಿಂತ ಕಡಿಮೆ ಇರಬಾರದು. ಇದ್ದರೆ ಏಕೆಂದು ಹುಡುಕಿ, ಹುಡುಕುವವರೆಗೆ ಮುಂದೆ ಹೋಗಬೇಡಿ.
3. ಎಐಎಸ್‌ನಲ್ಲಿ ನಿಮ್ಮದಲ್ಲದ ಅಥವಾ ಎರಡು ಸಲ ಬಂದ ನಮೂದು ಇದ್ದರೆ ಅಲ್ಲೇ ಅಭಿಪ್ರಾಯ ದಾಖಲಿಸಿ.
4. ಬಡ್ಡಿ, ಬಾಡಿಗೆ, ಲಾಭಾಂಶ ಸೇರಿಸಿ.
5. ತೆರಿಗೆ ಬಾಕಿ ಬಂದರೆ ಮೊದಲು ಕಟ್ಟಿ, ಚಲನ್ ವಿವರ ತುಂಬಿ, ಆಮೇಲೆ ಸಲ್ಲಿಸಿ.
6. 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸಿ. ದೃಢೀಕರಿಸದ ರಿಟರ್ನ್ ಸಲ್ಲಿಸಿದಂತೆ ಆಗುವುದಿಲ್ಲ.

ಐಟಿಆರ್-4ರಲ್ಲಿ ಕೈಯಲ್ಲಿದ್ದ ನಗದು, ಗ್ರಾಹಕರಿಂದ ಬರಬೇಕಾದದ್ದು, ನೀವು ಕೊಡಬೇಕಾದದ್ದು ಕೇಳುತ್ತಾರೆ. ಎಲ್ಲಕ್ಕೂ ಸೊನ್ನೆ ಹಾಕಿ ಮುಂದೆ ಹೋಗಬೇಡಿ. ಮಾರ್ಚ್ 31ರ ನಿಜ ಅಂಕಿ ನಿಮ್ಮ ಹಾಳೆಯಲ್ಲೇ ಇರುತ್ತದೆ.

ಗಡುವು ವರ್ಷದಿಂದ ವರ್ಷಕ್ಕೆ ಅಲುಗಾಡುತ್ತದೆ. 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 16ರವರೆಗೆ ಹೋಯಿತು. ಆ ವರ್ಷದ ದಿನಾಂಕವನ್ನು ಪೋರ್ಟಲ್‌ನಲ್ಲಿ ನೋಡಿ, ನಿಮ್ಮ ಮಟ್ಟಿಗೆ ಮಾತ್ರ ಜುಲೈ 15 ಎಂದೇ ಇಟ್ಟುಕೊಳ್ಳಿ. ತಡವಾದರೆ ಶುಲ್ಕ 5,000 ರೂಪಾಯಿ, ಆದಾಯ 5 ಲಕ್ಷದೊಳಗಿದ್ದರೆ 1,000.

ಹಂತ 10: ನೋಟಿಸ್ ಬಂದರೆ

ರಿಟರ್ನ್ ಪರಿಶೀಲನೆಯಾದ ಮೇಲೆ ಎಲ್ಲರಿಗೂ 143(1) ಅಡಿ ಮಾಹಿತಿ ಪತ್ರ ಬರುತ್ತದೆ. ಅದು ಆಪಾದನೆ ಅಲ್ಲ. ಎರಡು ಅಂಕಣಗಳಿರುತ್ತವೆ, ನೀವು ತೋರಿಸಿದ್ದು ಮತ್ತು ಇಲಾಖೆ ಲೆಕ್ಕ ಹಾಕಿದ್ದು. ಎರಡೂ ಒಂದೇ ಆಗಿದ್ದರೆ ಕಡತಕ್ಕೆ ಸೇರಿಸಿ. ಬೇರೆಯಾದ ಸಾಲನ್ನು ಹುಡುಕಿ, ಸಾಮಾನ್ಯವಾಗಿ ಅದು ಟಿಡಿಎಸ್ ಅಥವಾ ಚಲನ್ ಸಾಲು. 139(9) ಅಡಿ ಬಂದರೆ ರಿಟರ್ನ್ ದೋಷಪೂರಿತ ಎಂದರ್ಥ, 15 ದಿನದೊಳಗೆ ಸರಿಪಡಿಸಬೇಕು.

ಇಲಾಖೆಯ ಪತ್ರಕ್ಕೆ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. ಅದು ಅಸಲಿಯೇ ಎಂದು ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೂ ಪರೀಕ್ಷಿಸಬಹುದು. ರೀಫಂಡ್ ಬಂದಿದೆ, ಈ ಕೊಂಡಿ ಒತ್ತಿ ಬ್ಯಾಂಕ್ ವಿವರ ಕೊಡಿ ಎಂಬ ಸಂದೇಶ ಯಾವತ್ತೂ ಮೋಸವೇ. ರೀಫಂಡ್ ಪೋರ್ಟಲ್‌ನಲ್ಲಿ ದೃಢೀಕರಿಸಿದ ಖಾತೆಗೆ ತಾನಾಗಿ ಬರುತ್ತದೆ.

ಆಡಿಟರ್ ಬದಲಿಸುವ ಕಾಲ ಬಂದಿದೆ ಎಂಬುದಕ್ಕೂ ಲಕ್ಷಣಗಳಿವೆ. ಪಾಸ್‌ವರ್ಡ್ ಕೊಡಲು ಒಪ್ಪದಿರುವುದು, ಸಲ್ಲಿಸಿದ ರಿಟರ್ನ್‌ನ ಪ್ರತಿ ಕೊಡದಿರುವುದು, ಮಾಡದ ಹೂಡಿಕೆ ತೋರಿಸಿ ರೀಫಂಡ್ ಕೊಡಿಸುತ್ತೇನೆ ಎನ್ನುವುದು, ಬರುವ ರೀಫಂಡ್‌ನಲ್ಲಿ ಪಾಲು ಕೇಳುವುದು. ರಿಟರ್ನ್ ಯಾರು ತುಂಬಿದರೂ ದಂಡ ಕಟ್ಟುವವರು ನೀವೇ.

ವರ್ಷ ಮುಗಿದ ಮೇಲೆ ಎರಡು ಹಾಳೆ, ಬಿಲ್ಲುಗಳು, ಬ್ಯಾಂಕ್ ವಿವರ, ಚಲನ್‌ಗಳು, 16ಎ, ರಿಟರ್ನ್ ಪ್ರತಿ ಎಲ್ಲವನ್ನೂ ಆ ವರ್ಷದ ಹೆಸರಿನ ಒಂದೇ ಫೋಲ್ಡರ್‌ನಲ್ಲಿ ಹಾಕಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಲೆಕ್ಕಪುಸ್ತಕಗಳನ್ನು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಆರು ವರ್ಷ, ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕೆಂಬುದು ನಿಯಮ. ಎಂಟು ವರ್ಷ ಇಟ್ಟರೆ ಎರಡಕ್ಕೂ ಸಾಲುತ್ತದೆ. ಪೆಟ್ರೋಲ್ ಬಂಕ್, ಅಂಗಡಿಗಳ ಶಾಖದ ಕಾಗದದ ರಶೀದಿಗಳು ಆರು ತಿಂಗಳಲ್ಲೇ ಮಾಸಿ ಬಿಳಿಯಾಗುತ್ತವೆ, ಅವುಗಳ ಫೋಟೊವನ್ನು ಅದೇ ವಾರ ತೆಗೆದಿಡಿ.